ಅಳಿಸಿದ ಹೆಸರಿನ ಮುಂದಿನ ನಕ್ಷತ್ರ

ಗೆಳೆಯರೇ, ಇವತ್ತು ಸದಾಶಿವನಗರದ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನ ಪಾಠ ಅರ್ಧಕ್ಕೇ ನಿಂತಿತು.

ಟೈಪ್‌ರೈಟರ್ ಬಿಟ್ಟು ಕಂಪ್ಯೂಟರ್ ಕಲಿಯಲು ಬಂದ ಗುಮಾಸ್ತರು ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಬಂದವರಂತೆ ಕುಳಿತಿದ್ದರು. ಪತ್ರ ಬರೆಯಲು ಒಂದು ಸಾಫ್ಟ್‌ವೇರ್, ಲೆಕ್ಕಕ್ಕೆ ಇನ್ನೊಂದು, ಮಾಹಿತಿ ಜೋಡಿಸಿಡಲು ಡೇಟಾಬೇಸ್ ಎಂದು ವಿವರಿಸಿದೆ. ಡೇಟಾಬೇಸಿನ ಅಭ್ಯಾಸಕ್ಕೆ ಮನೆಯವರ ಹೆಸರು, ವಯಸ್ಸು ತುಂಬಲು ಹೇಳಿದೆ.

ನಂದಗಡದಿಂದ ಬರುವ ಹಿರಿಯ ಗುಮಾಸ್ತ ಶಿವಲಿಂಗಪ್ಪನವರು ಹೆಂಡತಿ ಗಂಗವ್ವನ ಹೆಸರನ್ನೂ ತುಂಬಿದ್ದರು. ಆಕೆ ಹೋದ ತಿಂಗಳು ತೀರಿಕೊಂಡದ್ದು ಕ್ಲಾಸಿಗೆಲ್ಲ ಗೊತ್ತು. ಪಾಠದ ಭರದಲ್ಲಿ ನಾನು, "ಇಲ್ಲದವರ ಹೆಸರು ತೆಗೀಬೇಕ್ರಿ. ಡಿಲೀಟ್ ಅಂತ ಹೊಡೀರಿ" ಎಂದುಬಿಟ್ಟೆ.

ಹೊಡೆದರು. ಹೆಸರು ಹೋಗಲಿಲ್ಲ. ಅದರ ಮುಂದೆ ಒಂದು ಸಣ್ಣ ನಕ್ಷತ್ರ ಮೂಡಿತು, ಅಷ್ಟೇ.

"ಇನ್ನೂ ಅದಾಳಲ್ರೀ, ಸರ್?"

"ಅದು ಬರೇ ಅಳಸಬೇಕು ಅನ್ನೂ ಗುರ್ತು ರೀ. ಪೂರ್ತಿ ಹೋಗಬೇಕಂದ್ರ ಇನ್ನೊಂದು ಕಮಾಂಡ್ ಕೊಡಬೇಕು."

ಅವರು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅದನ್ನ ಕಲಿಸಬ್ಯಾಡ್ರಿ ಸರ್."

ನಾನು ಬೋರ್ಡ್ ಒರೆಸಿ ಕ್ಲಾಸು ಬಿಟ್ಟೆ.

ಪರೀಕ್ಷೆಯಲ್ಲಿ ಆ ಕಮಾಂಡ್ ಕೇಳಿದರೆ ನನ್ನ ಇಡೀ ಕ್ಲಾಸು ಫೇಲು.