ಅಪ್ಪನ ಅರ್ಜಿಯ ಮೂರನೆಯ ಪ್ಯಾರಾ

ಒಂದು ಕೆಲಸ ಮುಗಿಸಿ ಇನ್ನೊಂದನ್ನು ಹಿಡಿಯುವ ಬುದ್ಧಿ ನನಗೆ ಹುಟ್ಟಿನಿಂದಲೇ ಇಲ್ಲ. ಹಂಚಿನ ಮೇಲೆ ರೊಟ್ಟಿ ಹಾಕಿ ಅಂಗಳಕ್ಕೆ ಓಡುತ್ತಿದ್ದೆ, ಹೊತ್ತಿದ ವಾಸನೆಗೆ ಒಳಗೆ ಓಡಿಬರುತ್ತಿದ್ದೆ. ಇಂಥವಳ ಕೈಗೆ ಜಮಖಂಡಿಯ ಟೈಪಿಂಗ್ ಅಂಗಡಿಯ ಕಂಪ್ಯೂಟರ್ ಸಿಕ್ಕಿದ್ದು ಮಂಗನಿಗೆ ಹೆಂಡ ಕುಡಿಸಿದಂತಾಯಿತು. ಒಂದೇ ಪರದೆಯಲ್ಲಿ ಎಂಟು-ಒಂಬತ್ತು ಕಡತ ಒಟ್ಟಿಗೆ ತೆರೆದಿಡಬಹುದು, ಎರಡು ಕೀಲಿ ಒತ್ತಿದರೆ ಒಂದು ಹೋಗಿ ಇನ್ನೊಂದು ಬರುತ್ತದೆ ಎಂದು ಗೊತ್ತಾದ ದಿನ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ಆಣೆಕಟ್ಟಿನ ಹಿನ್ನೀರು ಬೀಳಗಿ ಕಡೆಯ ನಮ್ಮ ಊರನ್ನೂ ಮುಳುಗಿಸುತ್ತದೆ ಎಂದು ಖಾತ್ರಿಯಾದ ವರ್ಷ ಅದು. ಊರು ಹೊಸ ಜಾಗಕ್ಕೆ ಹೋಗಬೇಕಿತ್ತು. ಅಲ್ಲಿ ಯಾರಿಗೆ ಎಂಥ ನಿವೇಶನ ಬೇಕು ಎಂದು ಒಬ್ಬೊಬ್ಬರೂ ಅರ್ಜಿ ಕೊಡಬೇಕಿತ್ತು. ಊರವರೆಲ್ಲ ನನ್ನ ಹತ್ತಿರವೇ ಬಂದರು. ನಮ್ಮೂರ ಹುಡುಗಿ, ರೇಗುವುದಿಲ್ಲ ಎಂಬ ನಂಬಿಕೆ ಅವರದು. ರೇಗುತ್ತಿದ್ದೆ, ಆದರೆ ನಮ್ಮ ಮಾತಿನಲ್ಲೇ ರೇಗುತ್ತಿದ್ದೆ.

ಎಲ್ಲರ ಅರ್ಜಿಯಲ್ಲೂ ಮೊದಲೆರಡು ಪ್ಯಾರಾ ಒಂದೇ. ಮೂರನೆಯದು ಮಾತ್ರ ಅವರವರದು. ಬೀರೇಶ್ವರನ ಒಕ್ಕಲಿನ ಕುರಿಗಾರ ಹಿರಿಯರೊಬ್ಬರಿಗೆ ತಗ್ಗಿನ ಕಡೆ ಜಾಗ ಬೇಕಿತ್ತು, ಕುರಿದೊಡ್ಡಿಗೆ ನೀರೂ ಮೇವೂ ಹತ್ತಿರ ಎಂದು. ನಮ್ಮಪ್ಪನಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಅವನದು ಕುಣಿಮಗ್ಗ, ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ಕೂತು ಸೀರೆ ನೇಯುವವನು. ಕುಣಿಗೆ ಎತ್ತರದ ಒಣ ಗರಸು ನೆಲವೇ ಆಗಬೇಕು. ತಗ್ಗಿನ ಎರೆಮಣ್ಣಿನಲ್ಲಿ ತೋಡಿದರೆ ನೀರು ಜಿನುಗುತ್ತದೆ, ನೂಲು ತಂಪು ಹಿಡಿಯುತ್ತದೆ, ಮಗ್ಗ ಕೂರುವುದಿಲ್ಲ.

ಅಪ್ಪ ಒಮ್ಮೆ ಅಂಗಡಿಗೆ ಬಂದು ನನ್ನ ಪರದೆ ನೋಡಿ ನಕ್ಕಿದ್ದ. "ಒಂದ ಮಗ್ಗದ ಮ್ಯಾಲ ಒಂದ ಸೀರಿ ಇರತೈತಿ ಮಗಳ. ನೀ ಒಂಬತ್ತ ಸೀರಿ ಹಾಸಿಕೊಂಡ ಕುಂತೀಯಲ್ಲ?"

"ನನ್ನ ಮಗ್ಗ ನಿಂದಕಿಂತ ಜೋರೈತಿ," ಅಂದಿದ್ದೆ.

ಅರ್ಜಿ ಕೊಡುವ ಕಡೆಯ ದಿನ. ಅಂಗಡಿಯ ತುಂಬ ಊರವರು. ಆ ಕುರಿಗಾರ ಹಿರಿಯರ ತಮ್ಮನೂ ಅಣ್ಣನಂತೆಯೇ ಬರೆದುಕೊಡು ಎಂದ. ಅಣ್ಣನ ಮೂರನೆಯ ಪ್ಯಾರಾ ಕಾಪಿ ಮಾಡಿಕೊಂಡೆ. ನಡುವೆ ಅಪ್ಪನ ಕಡತದಲ್ಲಿ ಏನೋ ತಿದ್ದೋಣವೆಂದು ಅವನ ಪ್ಯಾರಾವನ್ನು ಸೆಲೆಕ್ಟ್ ಮಾಡಿ ಕಪ್ಪಾಗಿಸಿಟ್ಟಿದ್ದೆ. ಅಷ್ಟರಲ್ಲಿ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡಿತು, ಎದ್ದು ಹೋದೆ. ಬಂದವಳೇ, ಎದುರಿಗಿರುವುದು ಯಾರ ಕಡತ ಎಂದು ನೋಡದೆ ಪೇಸ್ಟ್ ಒತ್ತಿದೆ. ತಮ್ಮನದು ಬರಲಿಲ್ಲವಲ್ಲ ಎಂದು ಅವನ ಕಡತಕ್ಕೆ ಹೋಗಿ ಮತ್ತೊಮ್ಮೆ ಒತ್ತಿದೆ. ಎಲ್ಲ ಛಾಪಿಸಿ ಹಂಚಿದೆ. ಊರವರ ಒಂದೊಂದು ಕಾಗದವನ್ನೂ ಗಟ್ಟಿಯಾಗಿ ಓದಿ ಹೇಳಿದ ಅಪ್ಪ, ತನ್ನದನ್ನು ಮಾತ್ರ ಓದದೆ ಸಹಿ ಹಾಕಿದ. ಮಗಳು ಬರೆದದ್ದು, ಓದುವುದೇನಿದೆ.

ನಿವೇಶನದ ಪಟ್ಟಿ ಬಂದಾಗ ನಮ್ಮದು ತಗ್ಗಿನ ಅಂಚಿನಲ್ಲಿತ್ತು. ಸರಕಾರವನ್ನು ಬೈಯುತ್ತ ತಕರಾರು ಬರೆಯಲು ಅಪ್ಪನ ಕಡತ ತೆರೆದೆ. "ಕುರಿದೊಡ್ಡಿಗೆ ಅನುಕೂಲವಾಗುವಂತೆ" ಎಂದಿತ್ತು. ಅಪ್ಪನ ಪ್ಯಾರಾ ಇದ್ದಲ್ಲಿ ಕುರಿಗಾರ ಹಿರಿಯರದು ಕೂತಿತ್ತು. ತಕರಾರು ಬರೆದೇ ಕೊಟ್ಟೆ; ಅರ್ಜಿದಾರರು ಕೇಳಿದಂತೆಯೇ ನೀಡಲಾಗಿದೆ ಎಂದು ಉತ್ತರ ಬಂತು. ಆ ಉತ್ತರವನ್ನು ಮನೆಗೆ ಒಯ್ಯಲಿಲ್ಲ, ಯಾರಿಗೂ ಹೇಳಲಿಲ್ಲ. ಹೇಡಿಯಾಗಿದ್ದೆ.

ಹೊಸ ಮನೆಯಲ್ಲಿ ಅಪ್ಪ ಕುಣಿ ತೋಡಿದ. ಮೊಣಕೈ ಆಳಕ್ಕೆ ನೀರು ಬಂತು. ಕಲ್ಲು ಹಾಸಿದ, ಸಿಮೆಂಟು ಬಳಿದ, ಮತ್ತೂ ಬಂತು. ಎರಡು ಮಳೆಗಾಲ ಹೆಣಗಿ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ. ಆಮೇಲೆ ರಬಕವಿಯ ಪವರ್‌ಲೂಮ್ ಶೆಡ್ಡಿಗೆ ಬಸ್ಸು ಹಿಡಿಯತೊಡಗಿದ. ಅಲ್ಲಿ ನಿಂತೇ ಕೆಲಸ, ಮಾತು ಕೇಳಿಸದ ಸದ್ದು. ಸಂಜೆ ಮನೆಗೆ ಬಂದವನ ಹತ್ತಿರ ನಾವು ಕೂಗಿ ಮಾತಾಡಬೇಕಾಗುತ್ತಿತ್ತು. ನಾನು ಅಂಗಡಿಯಲ್ಲಿ ಪ್ರತಿ ಕಾಗದದ ಮೂರನೆಯ ಪ್ಯಾರಾವನ್ನು ನಾಲ್ಕು ಸಲ ಓದುತ್ತಿದ್ದೆ. ಬಸ್ಸಿನಲ್ಲಿ ಅರ್ಧ ದಾರಿಗೆ ನೆನಪಾಗಿ, ಇಳಿದು ವಾಪಸು ಹೋಗಿ ಮತ್ತೆ ಓದಿದ್ದೂ ಉಂಟು.

ತಪ್ಪು ಗೊತ್ತಾಗಿ ಎಂಟು ವರ್ಷ ಕಳೆದ ಮೇಲೆ, ಒಂದು ರಜೆಯ ಮುಂಜಾನೆ, ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪನ ಎದುರು ಕೂತು ಎಲ್ಲ ಹೇಳಿಬಿಟ್ಟೆ. ಅವನಿಗೆ ಕೇಳಿಸಲೆಂದು ಕೂಗಿಯೇ ಹೇಳಬೇಕಾಯಿತು. ಓಣಿಗೆಲ್ಲ ಕೇಳಿಸಿರಬೇಕು.

"ಗೊತ್ತೈತಿ," ಅಂದ ಅಪ್ಪ. "ಅವತ್ತ ಅರ್ಜಿ ಕೊಡೋ ಸಾಲಿನ್ಯಾಗ ನಿಂತಾಗ ಓದಿದ್ನಿ."

"ಮತ್ತ ಯಾಕ ಕೊಟ್ಟಿ?"

"ನನ್ನ ಹಿಂದ ಇಡೀ ಊರ ನಿಂತಿತ್ತು. ಎಲ್ಲಾರ ಕೈಯಾಗೂ ನೀ ಬರದ ಕಾಗದ. ನಂದ ತಪ್ಪೈತಿ ಅಂತ ನಾ ತಿರಗಿದ್ರ ಎಲ್ಲಾರೂ ತಿರಗತಿದ್ರು. ಐದಕ್ಕ ಖಿಡಕಿ ಮುಚ್ಚತಿತ್ತು."

"ಅವರದೆಲ್ಲಾ ಸರಿ ಇತ್ತು ಅಪ್ಪಾ. ನೀನ ಓದಿದ್ದಿಯಲ್ಲ."

"ನನಗ ಗೊತ್ತಿತ್ತು. ಮಗಳ ಕೈಲೆ ತನ್ನ ಕಾಗದಾನ ತಪ್ಪ ಬರಿಸಿಕೊಂಡವನ ಮಾತ ಅವರ್ಯಾಕ ನಂಬತಿದ್ರು?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ವರ್ಷ ಒಂದು ಮಾತಾದರೂ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅಪ್ಪ ಬಸಿಯಲ್ಲಿ ಉಳಿದ ಚಹಾ ಕುಡಿದು ಕೆಳಗಿಟ್ಟ. "ಹೇಳಿದ್ರ ಮರುದಿನ ಅಂಗಡಿಯ ಆ ಖುರ್ಚಿ ಮ್ಯಾಲ ಹೋಗಿ ಕುಂದರತಿದ್ಯೇನ ನೀ?"

ತಪ್ಪು ನನ್ನದೆಂದು ಗೊತ್ತಿದ್ದೂ ಆ ಕುರ್ಚಿಯ ಮೇಲೆ ನಾನು ಅದಾಗಲೇ ಎಂಟು ವರ್ಷ ಕೂತಿದ್ದೆ.