ಇಂಜೆಕ್ಷನ್ ಕಾಲ ಮುಗಿಸಿದವರು

ಮಹಾರಾಷ್ಟ್ರದ ಗಡಿಯೂರು ಗಡಹಿಂಗ್ಲಜದಲ್ಲಿ ನಮ್ಮ ನೆರೆಯವರೊಬ್ಬರು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಯಾರ ಮನೆಯಲ್ಲಿ ಚಹಾಕ್ಕೆ ಕುಳಿತರೂ ಅವರದು ಒಂದೇ ಮಾತು: "ಇಂಜೆಕ್ಷನ್ ಕಾಲ ಮುಗೀತ್ರಿ!" ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಿರುವ ಪಟ್ಟಿ ಬರುತ್ತದೆ, ಚರ್ಮಕ್ಕೆ ಅಂಟಿಸಿದರೆ ಸಾಕು, ಸೂಜಿ ಕರಗಿ ಲಸಿಕೆ ಒಳಗಿಳಿಯುತ್ತದೆ, ನೋವೇ ಇಲ್ಲ ಎಂದು ವಿವರಿಸುತ್ತ ಎದುರಿದ್ದವರ ತೋಳಿಗೆ ಹೆಬ್ಬೆರಳು ಒತ್ತಿ ತೋರಿಸುತ್ತಿದ್ದರು. ಒತ್ತಿದ ಜಾಗ ಸಂಜೆಯವರೆಗೆ ನೋಯುತ್ತಿತ್ತು.

ಒಂದು ದಿನ ಬೀದಿನಾಯಿ ಅವರ ಮೀನಖಂಡಕ್ಕೆ ಬಾಯಿ ಹಾಕಿತು. ಅವರನ್ನೂ ಅವರ ಹೆಂಡತಿಯನ್ನೂ ಸರಕಾರಿ ದವಾಖಾನೆಗೆ ಕರೆದೊಯ್ದವನು ನಾನೇ. ನರ್ಸ್ ಸಿರಿಂಜ್ ಎತ್ತಿದ್ದೇ ತಡ, ಇವರು ಪಟ್ಟಿಯ ಉಪನ್ಯಾಸ ಶುರುಮಾಡಿ, ಮಾತಾಡುತ್ತಲೇ ಬಾಗಿಲ ಕಡೆ ಸರಿದರು. ಬಾಗಿಲಿಗೆ ಅಡ್ಡವಾಗಿ ಹೆಂಡತಿ ನಿಂತಿದ್ದರು.

"ನಿಮ್ಮ ಪಟ್ಟಿ ಬರೂತನಕಾ ನಾಯಿ ನಂಜು ಕಾಯ್ತದೇನ್ರಿ? ಸುಮ್ನ ಕುಂದರ್ರಿ."

ಕುಳಿತರು. ಕಣ್ಣು ಮುಚ್ಚಿದರು. ಮರುಗಳಿಗೆಗೆ "ಆಯೀ ಗ, ಸತ್ನೆಪಾ!" ಎಂದು ಕಿರುಚಿದ ರಭಸಕ್ಕೆ ಹೊರಗೆ ಸರದಿಯಲ್ಲಿದ್ದವರೆಲ್ಲ ಎದ್ದು ಇಣುಕಿದರು.

ನರ್ಸ್ ಹತ್ತಿಯ ಉಂಡೆ ಎತ್ತಿ ತೋರಿಸಿದಳು.

"ಸರ, ಇನ್ನೂ ಚುಚ್ಚಿಲ್ರಿ. ಬರೇ ಸ್ಪಿರಿಟ್ ಹಚ್ಚೇನಿ."