ದೊಡ್ಡ ಪ್ಲೇಟು, ಸಣ್ಣ ಪ್ಲೇಟು

ಘೋಡಗೇರಿಯ ಊರಾಚೆ, ಹೊಲದ ನಡುವೆ ನಮ್ಮ ಮನೆ. ಎರಡು ಸಾವಿರದ ಇಸವಿ ದಾಟಿದರೂ ಕರೆಂಟಿನ ಕಂಬ ಅಲ್ಲಿಯವರೆಗೆ ಬಂದಿರಲಿಲ್ಲ. "ನಾವು ಹೊತ್ತು ಮುಳುಗೂದ್ರಾಗ ಊಟಾ ಮುಗಿಸೋ ಜೈನರು, ನಮಗ್ಯಾಕ ದೀಪ?" ಎಂದು ಮಾವ ನಗುತ್ತಿದ್ದರು. ಆದರೆ ನಸುಕಿನಲ್ಲಿ ಕಂದೀಲು ಇಟ್ಟುಕೊಂಡು ಎಮ್ಮೆ ಹಿಂಡುತ್ತಿದ್ದವರು ಅತ್ತೆ ಮತ್ತು ನಾನು. ಒಂದು ದಿನ ಎಮ್ಮೆ ಒದ್ದು ಕಂದೀಲು ಒಣಹುಲ್ಲಿನ ಮೇಲೆ ಬಿತ್ತು. ಅತ್ತೆ ಗೋಣಿಚೀಲದಿಂದ ಬಡಿದು ಬೆಂಕಿ ಆರಿಸಿದರು. ಆ ವಾರವೇ ನನ್ನ ಗಂಡ ಗೋಕಾಕಿಗೆ ಹೋಗಿ ಸೋಲಾರ್ ಪ್ಲೇಟು, ಬ್ಯಾಟರಿ ತಂದರು.

ಅದು ಅಡುಗೆಮನೆಗಷ್ಟೇ ಸಾಕಾಯಿತು, ಕೊಟ್ಟಿಗೆಗೆ ಸಾಲಲಿಲ್ಲ. ಮೈದುನ ಕಲ್ಲೋಳಿಯಲ್ಲಿ ಯಾರೋ ಬಿಚ್ಚಿಟ್ಟಿದ್ದ ಹಳೇ ಪ್ಲೇಟೊಂದನ್ನು ತಂದ. ನಮ್ಮದರ ಅರ್ಧದಷ್ಟೂ ಇರಲಿಲ್ಲ. ಅಣ್ಣತಮ್ಮ ಮಾಳಿಗೆ ಹತ್ತಿ, ಟಾರ್ಚಿನ ಸೆಲ್ಲಿನ ಹಾಗೆ ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿದರು. ದೀಪ ಮೊದಲಿಗಿಂತ ಬೇಗ ಮಂಕಾಗತೊಡಗಿತು.

"ಹಳೇದು ಕೆಟ್ಟೈತಿ, ಒಗದ ಬಿಡೂನು," ಎಂದರು ಗಂಡ.

"ತಡೀರಿ. ಮೊದಲ ಅಳದ ನೋಡೂನು," ಎಂದೆ.

ನನ್ನ ಅಪ್ಪ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ದುಡಿಯುತ್ತಿದ್ದರು. ರಜೆಯಿದ್ದಾಗ ಮನೆಯಲ್ಲಿ ರೇಡಿಯೊ ರಿಪೇರಿ. ಅವರ ಪಕ್ಕದಲ್ಲಿ ಕೂತು ಕಲಿತವಳು ನಾನು. ತವರಿನಿಂದ ತಂದಿದ್ದ ಮೀಟರ್ ಹಿಡಿದು, ಸೆರಗು ಸಿಕ್ಕಿಸಿ ಮಾಳಿಗೆ ಹತ್ತಿದೆ. ಹಳೇ ಪ್ಲೇಟು ಕೆಟ್ಟಿರಲಿಲ್ಲ. ಎರಡರ ವೋಲ್ಟೇಜೂ ಹೆಚ್ಚುಕಮ್ಮಿ ಒಂದೇ. ಸಣ್ಣದು ಕೊಡುವ ಕರೆಂಟು ಮಾತ್ರ ಕಡಿಮೆ. ಒಂದರ ಹಿಂದೆ ಒಂದು ಕಟ್ಟಿದ್ದರಿಂದ ದೊಡ್ಡದೂ ಸಣ್ಣದರಷ್ಟೇ ಕೊಡುತ್ತಿತ್ತು. ವಾಯರ್ ಬಿಚ್ಚಿ, ಕೆಂಪಿಗೆ ಕೆಂಪು, ಕರಿಗೆ ಕರಿ ಸೇರಿಸಿ ಎರಡನ್ನೂ ಬಾಜೂ ಬಾಜೂ ಜೋಡಿಸಿದೆ. ಮೀಟರಿನ ಮುಳ್ಳು ಸರಸರ ಏರಿತು.

"ಅಬಬಾ! ಎರಡೂದು ಕೂಡಿ ಬರಾಕತ್ತೈತಿ!" ಎಂದು ಮೈದುನ ಕೂಗಿದ.

ಕೊಟ್ಟಿಗೆಯಲ್ಲಿ ದೀಪ ಹತ್ತಿತು. ಅತ್ತೆ ಕಂದೀಲನ್ನು ಅಟ್ಟಕ್ಕೆ ಹಾಕಿದರು.

ಹುಕ್ಕೇರಿಯಿಂದ ಬಂದ ಮಾವನ ನೆಂಟರೊಬ್ಬರು ಮಾಳಿಗೆ ನೋಡಿ, "ಮಿಸ್ತ್ರಿ ಎಲ್ಲಿಯಾಂವ್ರಿ?" ಎಂದು ಕೇಳಿದರು.

"ಮಿಸ್ತ್ರಿ ಒಳಗ ರೊಟ್ಟಿ ಬಡ್ಯಾಕತ್ತಾಳ. ಕರೀಲೇನು?" ಎಂದರು ಅತ್ತೆ. ಒಳಗಿದ್ದ ನನಗೆ ಎದೆ ತುಂಬಿ, ಹಂಚಿನ ಮೇಲಿನ ರೊಟ್ಟಿ ತಿರುವುವುದೇ ಮರೆತುಹೋಯಿತು.

ಆ ನೆಂಟರ ಬಾಯಿಂದ ಸುದ್ದಿ ಹಬ್ಬಿತು. ಮೂಡಲಗಿ ಕಡೆಯ ಲಿಂಗಾಯತರ ಒಂದು ತೋಟದ ಮನೆಯಿಂದ ಕರೆ ಬಂತು. ಗಂಡ ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ಹೋದರು. ಅಲ್ಲಿ ಹೊಸ ಬ್ಯಾಟರಿಗೆ ಟ್ರ್ಯಾಕ್ಟರಿನ ಹಳೇ ಬ್ಯಾಟರಿ ಕಟ್ಟಿದ್ದರು, ದೀಪ ಹೊತ್ತಿಸಿದ ತಾಸಿಗೇ ಆರುತ್ತಿತ್ತು. ಮನೆಯ ಯಜಮಾನರು ನನ್ನ ಗಂಡನತ್ತ ತಿರುಗಿ, "ಏನ್ ಮಾಡಬೇಕ್ರಿ?" ಎಂದರು.

"ನನ್ನ ಕೇಳಬ್ಯಾಡ್ರಿ, ಅಕಿನ್ನ ಕೇಳ್ರಿ," ಎಂದರು ಇವರು.

ಹಳೇದು ಹೊಸದರ ಕರೆಂಟನ್ನೂ ಹೀರುತ್ತಿತ್ತು. ಎರಡನ್ನೂ ಬೇರೆ ಮಾಡಿದೆ. ಹಳೇದಕ್ಕೆ ಅವರಲ್ಲಿದ್ದ ಸಣ್ಣ ಪ್ಲೇಟು, ಅಂಗಳದ ಒಂದೇ ದೀಪ. ಹೊಸದಕ್ಕೆ ದೊಡ್ಡ ಪ್ಲೇಟು, ಮನೆಯ ದೀಪಗಳೆಲ್ಲ. ಎರಡು ದಿನ ಬಿಟ್ಟು ನೋಡಲು ಹೋದಾಗ ಎಲ್ಲವೂ ಸರಿಯಾಗಿ ಉರಿಯುತ್ತಿದ್ದವು.

ಹೊರಡುವಾಗ ಆ ಮನೆಯಾಕೆ ಮಣೆ ಹಾಕಿ ಕೂರಿಸಿ, ಕುಪ್ಪಸದ ಕಣ, ತೆಂಗಿನಕಾಯಿ, ಅಕ್ಕಿ ಹಾಕಿ ಉಡಿ ತುಂಬಿದರು. ಮಗಳೆಂದು, ಸೊಸೆಯೆಂದು ಎಷ್ಟೋ ಸಲ ಉಡಿ ತುಂಬಿಸಿಕೊಂಡಿದ್ದೆ. ಮಾಡಿದ ಕೆಲಸಕ್ಕೆ ತುಂಬಿಸಿಕೊಂಡದ್ದು ಅದೇ ಮೊದಲು.